ನೀರು ಸವರಿದ ಕುಂಡ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ತಂದವನು ನಾಗನೂರಿನ ಯಲ್ಲಪ್ಪ. ಗೋಕಾಕದ ಸಂತೆಗೆ ಬಂದವನು ನಮ್ಮ ಕಚೇರಿಯ ಮೆಟ್ಟಿಲ ಬಳಿ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ನಾನು ಹೊರಗೆ ಬಂದಾಗ, "ರೋಗದ ಸಾಹೇಬ್ರು ಹ್ವಾದ್ರಂತ್ರಿ. ಮೂರು ದಿನಾ ಆತಂತ," ಎಂದ. ಅವನು ನನ್ನ ಭುಜದ ಮೇಲೆ ಕೈ ಇಟ್ಟ. ಸಮಾಧಾನಕ್ಕಾಗಿಯೇ ಇಟ್ಟದ್ದು, ಆದರೂ ನಾನು ಬೆಚ್ಚಿದೆ. ಅದು ಅವನಿಗೂ ಗೊತ್ತಾಯಿತು, ಕೈ ತೆಗೆದ. ಒಂದು ಕಾಲಕ್ಕೆ ಅದೇ ಕೈ ನನ್ನ ಮೇಲೆ ಕುಡಗೋಲು ಎತ್ತಿತ್ತು. ವರ್ಷಗಳು ಕಳೆದಿವೆ, ನಾವಿಬ್ಬರೂ ಒಂದೇ ತಾಟಿನಲ್ಲಿ ಉಂಡಿದ್ದೇವೆ, ಆದರೂ ಆ ಕೈ ಮೇಲೇಳುವುದನ್ನು ನನ್ನ ಮೈ ಇನ್ನೂ ಮರೆತಿಲ್ಲ.

"ನಾಳೆ ಹುಕ್ಕೇರಿಗೆ ಹೋಗಿ ಬರೋಣ್ರಿ," ಎಂದ ಯಲ್ಲಪ್ಪ. ಹೂಂ ಎಂದೆ.

ಅವರಿಗೆ ಹೆಸರಿತ್ತು, ಕಚೇರಿಯ ಕಾಗದಗಳಲ್ಲಿ ಹುದ್ದೆಯೂ ಇತ್ತು. ಆದರೆ ಹುಕ್ಕೇರಿಯಿಂದ ಮೂಡಲಗಿಯವರೆಗೆ ಬಟಾಟೆ ಹಾಕುವ ಊರುಗಳಲ್ಲಿ ಅವರು ಬರೀ ರೋಗದ ಸಾಹೇಬರು. ಸಾಹೇಬರೆಂದರೆ ಬೂಟು ಪಟಲೂನಿನವರಲ್ಲ. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಧೋತರ, ಬಣ್ಣ ಮಾಸಿದ ಕರಿ ಕೋಟು, ಕೊರಳಲ್ಲಿ ನೂಲಿನಿಂದ ಇಳಿಬಿಟ್ಟ ಒಂದು ಭೂತಗನ್ನಡಿ. ಸೈಕಲ್ಲಿನ ಹಿಡಿಕೆಗೆ ಒಂದು ತಗಡಿನ ಡಬ್ಬಿ ತೂಗುತ್ತಿತ್ತು. ಅದರಲ್ಲಿ ಕಾಗದಪತ್ರ ಇದೆಯೆಂದು ಮೊದಲ ದಿನ ನಾನು ತಿಳಿದಿದ್ದೆ. ಇದ್ದದ್ದು ಸಾಬೂನು.

ಧಾರವಾಡದ ಕಾಲೇಜಿನಿಂದ ಆಗತಾನೇ ಹೊರಬಿದ್ದಿದ್ದ ನನ್ನನ್ನು ಅವರ ಕೈಕೆಳಗೆ ಕಳಿಸಿದ್ದರು. ಮೊದಲ ದಿನ ಹೊಲಕ್ಕೆ ಕರೆದೊಯ್ದವರು ಸಾಲುಗಳ ನಡುವೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬೆರಳಿಗೆ ಬೆರಳು ಹೆಣೆದು ನಡೆದರು. ಗಿಡದ ಹತ್ತಿರ ಬಂದಾಗ ಸೊಂಟದಿಂದ ಬಾಗಿ, ತಲೆಯನ್ನು ಓರೆ ಮಾಡಿ, ಎಲೆ ಏನೋ ಹೇಳುತ್ತಿದೆ ಎಂಬಂತೆ ನಿಲ್ಲುತ್ತಿದ್ದರು. ನಾನು ಓದಿದವನ ಉತ್ಸಾಹದಿಂದ ಒಂದೊಂದೇ ಎಲೆಯನ್ನು ತಿರುವಿ ನೋಡುತ್ತ ಬಂದೆ. ಹೊಲದ ಆ ತುದಿಯಲ್ಲಿ ಅವರು ನಿಂತು, "ಎಷ್ಟು ಗಿಡಾ ಮುಟ್ಟಿದಿ?" ಎಂದು ಕೇಳಿದರು.

"ನೂರು ಆಗಿರಬೇಕ್ರಿ."

"ನೂರೂ ಗಿಡಕ್ಕ ಪಾವಣ್ಯಾನ ಪರಿಚಯ ಮಾಡಿಸಿ ಬಂದಿ ಹಂಗಾರ."

ಪಾವಣ್ಯಾ ಎಂದರೆ ನೆಂಟ. ವೈರಸ್ಸನ್ನು ಅವರು ಹಾಗೆ ಕರೆಯುತ್ತಿದ್ದರು. ಕಾಲೇಜಿನಲ್ಲಿ ನಾನು ಅದರ ಬಗ್ಗೆ ಎರಡು ಪುಟ ಓದಿದ್ದೆ. ಅತಿ ಸಣ್ಣ ಜಂತುಗಳನ್ನೂ ತಡೆಯುವ ಪಿಂಗಾಣಿಯ ಸೋಸುಕದಿಂದ ಪಾರಾಗುವಂಥದ್ದು, ಸೂಕ್ಷ್ಮದರ್ಶಕಕ್ಕೂ ಸಿಗದ್ದು ಎಂದು ಬರೆದಿತ್ತು. ಅವರು ಹೇಳುತ್ತಿದ್ದುದು ಬೇರೆ ಥರ. "ಮಾರಿ ಕಾಣಂಗಿಲ್ಲ, ಹೆಸರು ಹೇಳಂಗಿಲ್ಲ, ಆದ್ರ ಉಂಡು ಹೋದ ಮನಿ ನೋಡಿದ್ರ ಗೊತ್ತಾಗ್ತೈತಿ. ಒಬ್ಬಾಂವ ಬಂದ್ರ ಎಲಿ ಮ್ಯಾಲೆ ತಿಳಿ ಹಸರು, ಕಡು ಹಸರು ಮಚ್ಚಿ. ಇನ್ನೊಬ್ಬಾಂವ ಬಂದ್ರ ಎಲಿ ದೋಣಿ ಹಂಗ ಮ್ಯಾಲೆ ಸುತ್ತಿಕೊಂತೈತಿ. ಇಬ್ಬರೂ ಕೂಡಿ ಬಂದ್ರಂದ್ರ ಮುಗೀತು, ಗಿಡಾ ಮುರುಟಿ ಮುದುಕಿ ಆಗ್ತೈತಿ."

ಸುತ್ತಿಕೊಂಡ ಎಲೆಯನ್ನು ಅವರು ಸ್ಪಿರಿಟ್ಟಿನಲ್ಲಿ ಕುದಿಸಿ ಬೆಳ್ಳಗೆ ಮಾಡಿ, ಅಯೋಡಿನ್ ನೀರಿನಲ್ಲಿ ಅದ್ದಿ ತೋರಿಸಿದರು. ಎಲೆ ಕಾಡಿಗೆಯಂತೆ ಕಪ್ಪಾಯಿತು. ಪಕ್ಕದ ರೋಗವಿಲ್ಲದ ಗಟ್ಟಿ ಗಿಡದ ಎಲೆಗೆ ಅದೇ ಮಾಡಿದರೆ ಸುಮ್ಮನೆ ಹಳದಿಯಾಯಿತು. "ಅಡಗಿ ಮಾಡೈತಿ, ಕೆಳಗ ಗಡ್ಡಿಗಿ ಇಳಿಸಾಕ ದಾರಿ ಇಲ್ಲ. ಊಟ ಎಲ್ಲಾ ಮ್ಯಾಲೇ ನಿಂತೈತಿ," ಎಂದರು. ನಾನು ಆ ಎರಡು ಎಲೆಗಳನ್ನು ನೋಟುಬುಕ್ಕಿನಲ್ಲಿ ಒಣಗಿಸಿ ಇಟ್ಟುಕೊಂಡೆ, ಈಗಲೂ ಇವೆ. ಆ ಅಯೋಡಿನ್ ಸೀಸೆಯನ್ನು ಅವರು ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಹುಕ್ಕೇರಿಯ ಒಂದು ಚಹಾದಂಗಡಿಯಲ್ಲಿ ಹಾಲಿಗೆ ಒಂದು ಹನಿ ಬಿಟ್ಟರಂತೆ. ಹಾಲು ನೀಲಿಯಾಯಿತು. ಗಂಜಿ ಬೆರೆಸಿದ್ದ ಅಂಗಡಿಯವನು ಅಂದಿನಿಂದ ಅವರನ್ನು ಕಂಡರೆ, "ಸಾಹೇಬ್ರ, ನಿಮಗ ಕರೀ ಚಾ ಮಾಡ್ಲಿ?" ಎನ್ನುತ್ತಿದ್ದ.

ಯಲ್ಲಪ್ಪನಿಗೂ ಅವರಿಗೂ ಮೊದಲ ಸಲ ಮಾತು ಬಿದ್ದದ್ದು ಸಾಬೂನಿನ ಮೇಲೆಯೇ. ಯಲ್ಲಪ್ಪನ ಮನೆಯವರು ಅವನ ಅಜ್ಜನ ಕಾಲದವರೆಗೆ ಕುರಿ ಕಾಯ್ದವರು, ಅಪ್ಪನ ಕಾಲಕ್ಕೆ ಹೊಲ ಹಿಡಿದವರು. ನಾಗನೂರಿನ ಬಾವಿಯ ನೀರಿನ ಹೊಲದಲ್ಲಿ ದೀಪಾವಳಿಯ ಸುಮಾರಿಗೆ ಅವನು ಬಟಾಟೆ ಹಾಕುತ್ತಿದ್ದ. ನಾವು ಹೋದಾಗ ಸಾಹೇಬರು ಅವನ ಗಿಡದ ಒಂದೆಲೆ ಕಿತ್ತರು, ನೋಡಿದರು, ಕಟ್ಟಿಟ್ಟುಕೊಂಡರು. ಹೊಲದ ಬದುವಿಗೆ ಬಂದು ತಂಬಿಗೆಯ ನೀರಿನಲ್ಲಿ ಸಾಬೂನು ಹಚ್ಚಿ ಮೊಣಕೈಯವರೆಗೆ ತೊಳೆದುಕೊಳ್ಳತೊಡಗಿದರು. ಮಜ್ಜಿಗೆಯ ಚರಿಗೆ ಹಿಡಿದು ನಿಂತಿದ್ದ ಯಲ್ಲಪ್ಪನ ಮುಖ ಬಿಗಿಯಿತು.

"ಯಾಕ್ರಿ ಸಾಹೇಬ್ರ, ಕುರುಬರ ಹೊಲದಾಗಿನ ಎಲಿ ಮುಟ್ಟಿದ್ರ ಕೈ ಮೈಲಗಿ ಆಗ್ತಾವೇನ್ರಿ?"

ಸಾಹೇಬರು ನೊರೆಯ ಕೈಯನ್ನು ಹಾಗೇ ಹಿಡಿದು ಅವನನ್ನು ನೋಡಿದರು. "ಗೌಡರ ಹೊಲದಿಂದ ನಿನ್ನ ಹೊಲಕ್ಕ ಕಾಲಿಡೂ ಮುಂದ ತೊಳಕೊಂಡ್ನಿ, ಅದನ್ನ ನೋಡಲಿಲ್ಲೇನು?"

"ನೋಡಲಿಲ್ರಿ."

"ಅದು ನಿನ್ನ ಹೊಲಕ್ಕ ಕೊಟ್ಟ ಮರ್ಯಾದಿ. ಈಗಿನದು ನಿನ್ನ ಬಾಜೂದಾಂವಗ. ಮನಶ್ಯಾರಿಗೆ ಅಲ್ಲಪಾ, ಗಿಡಕ್ಕ." ಹೀಗೆಂದು ಅವನ ಕೈಯಿಂದ ಚರಿಗೆ ಇಸಿದುಕೊಂಡು ಗಟಗಟ ಕುಡಿದರು. ಮೀಸೆಯ ಮೇಲಿನ ಮಜ್ಜಿಗೆಯನ್ನು ತೋಳಿನಿಂದ ಒರೆಸಿಕೊಂಡರು.

ಯಲ್ಲಪ್ಪ ನನ್ನ ಕಡೆ ತಿರುಗಿ, "ಮಂದಿ ಮಡಿ ಬಾಳ ನೋಡೇನ್ರಿ. ಗಿಡದ ಮಡಿ ಇವತ್ತ ನೋಡ್ದೆ," ಎಂದ.

ಹುಕ್ಕೇರಿಯಲ್ಲಿ ಅವರು ಹಿಡಿದಿದ್ದ ಬಾಡಿಗೆ ಮನೆಯ ಹಿತ್ತಲು ಇಡೀ ಊರಿನ ಕುತೂಹಲದ ವಿಷಯವಾಗಿತ್ತು. ಅಲ್ಲಿ ನಾಲ್ಕು ಬಿದಿರು ನೆಟ್ಟು, ಸೊಳ್ಳೆಪರದೆಯಂಥ ತೆಳು ಬಟ್ಟೆ ಹೊಲಿಸಿ ಒಂದು ಕೋಣೆಯನ್ನೇ ಕಟ್ಟಿದ್ದರು. ಎಲೆಹೇನುಗಳು ಒಳಗೆ ಬರಬಾರದೆಂದು. ಒಂದು ಗಿಡದ ರಸ ಹೀರಿ ಇನ್ನೊಂದರ ಮೇಲೆ ಕುಳಿತು ಪಾವಣ್ಯಾನನ್ನು ಸಾಗಿಸುವ ಗಾಡಿಗಳು ಅವೇ. ಪರದೆಯೊಳಗೆ ಮಣ್ಣಿನ ಕುಂಡಗಳ ಸಾಲು. ಕುಂಡಗಳಲ್ಲಿ ಬಟಾಟೆ ಇರಲಿಲ್ಲ. ಇದ್ದದ್ದು ಮದಗುಣಕಿ, ಅಂದರೆ ದತ್ತೂರಿ. ಊರ ಹೊರಗೆ ತಿಪ್ಪೆಯಲ್ಲಿ ಬೆಳೆಯುವ, ಕಾಯಿ ತಿಂದರೆ ಹುಚ್ಚು ಹಿಡಿಯುವ ಆ ಗಿಡವನ್ನು ಒಬ್ಬ ಸರಕಾರಿ ಮನುಷ್ಯ ಪರದೆ ಕಟ್ಟಿ ಸಾಕುತ್ತಾನೆಂದರೆ ಜನ ಸುಮ್ಮನಿರುತ್ತಾರೆಯೇ? ಯಾರಿಗೆ ಹಾಕಲು ಬೆಳೆಸುತ್ತಾನೆ ಎಂದು ವಿಚಾರಿಸಲು ಪೊಲೀಸ್ ಪಾಟೀಲರೇ ಒಮ್ಮೆ ಬಂದಿದ್ದರು. ಸಾಹೇಬರು ಅವರನ್ನು ಕೂರಿಸಿ ಒಂದು ತಾಸು ಎಲೆ ತೋರಿಸಿದರು. ಪಾಟೀಲರು ಹೊರಡುವಾಗ ತಮ್ಮ ಹೊಲದ ಬದನೆಗೂ ಏನೋ ಆಗಿದೆ, ಬಂದು ನೋಡಬೇಕು ಎಂದರು.

ನನಗೂ ಅದೇ ಪ್ರಶ್ನೆ ಇತ್ತು. ಬಟಾಟೆಯ ರೋಗಕ್ಕೆ ಮದಗುಣಕಿ ಯಾಕೆ?

"ಬಟಾಟಿ ಬಾಯಿಬಿಡಂಗಿಲ್ಲ. ಕೆಲವೊಂದು ಬಟಾಟಿ ಗಿಡಾ ಒಳಗ ಪಾವಣ್ಯಾನ್ನ ಇಟಗೊಂಡು ಹೊರಗ ಹಸರಾಗಿ ನಗತಾವ," ಎಂದರು. "ಅಂವ ಎಂಥಾಂವ ಅಂತ ಗೊತ್ತಾಗಬೇಕಂದ್ರ ಬ್ಯಾರೆ ಮನಿಗೆ ಕಳಿಸಿ ನೋಡಬೇಕು. ಅಲ್ಲಿ ಹೆಂಗ ನಡಕೊಂತಾನೋ ಅದರ ಮ್ಯಾಲೆ ಗುರ್ತು."

ಅನುಮಾನದ ಬಟಾಟೆ ಎಲೆಯನ್ನು ಒರಳಿನಲ್ಲಿ ಅರೆದು, ರಸದಲ್ಲಿ ಅರಿವೆಯ ತುಂಡು ಅದ್ದಿ, ಎಳೆಯ ಮದಗುಣಕಿಯ ಎಲೆಯ ಮೇಲೆ ನಯವಾಗಿ ಸವರುವುದು. ಆಮೇಲೆ ಕಾಯುವುದು. ಹನ್ನೊಂದು ದಿನದಲ್ಲಿ ಎಲೆ ಉತ್ತರ ಕೊಡುತ್ತದೆ. ಪ್ರತಿ ಸಲವೂ ಹಿಂದಿನ ಸಾಲಿನಲ್ಲಿ ನಾಲ್ಕು ಕುಂಡಗಳಿಗೆ ರಸದ ಬದಲು ಬರೀ ನೀರು ಸವರುತ್ತಿದ್ದರು. ಅದೆಲ್ಲ ಗಂಭೀರವಾಗಿ ಮಾಡುವುದನ್ನು ನೋಡಿ ನನಗೆ ನಗು ಬರುತ್ತಿತ್ತು. ನೀರು ಸವರಿದರೆ ಏನು ಬರುತ್ತದೆ? ಏನೂ ಬರುವುದಿಲ್ಲ. ಬರದಿರುವುದನ್ನು ನೋಡಲು ನಾಲ್ಕು ಕುಂಡ ಯಾಕೆ? ಇದನ್ನು ನಾನು ಕೇಳಲಿಲ್ಲ. ಕಾಲೇಜು ಕಲಿತವನು ಕೇಳುವ ಪ್ರಶ್ನೆಯಲ್ಲ ಎನ್ನಿಸಿತ್ತು.

ಎದುರುಮನೆಯ ನೀಲಮ್ಮಜ್ಜಿ ಮಾತ್ರ ಎಲ್ಲವನ್ನೂ ಕೇಳುತ್ತಿದ್ದರು. ಸೋಮವಾರ ಬೆಳಿಗ್ಗೆ ಬೆತ್ತದ ಬುಟ್ಟಿ ಹಿಡಿದು ಬಂದು, "ಲಿಂಗಕ್ಕ ಏರಸಾಕ ಎರಡ ಮದಗುಣಕಿ ಹೂವ ಕೊಡೋ ಸಾಹೇಬ," ಎನ್ನುವರು.

"ಅವು ಪರೀಕ್ಷಾಕ ಕುಂತಾವ ಅಜ್ಜಿ, ಮುಟ್ಟಂಗಿಲ್ಲ."

"ಪರೀಕ್ಷಾಕ ಕುಂತಾವಂತ! ಎಷ್ಟನೇ ಇಯತ್ತಾನೋ ನಿನ್ನ ಗಿಡಾ?" ಇಯತ್ತಾ ಎಂದರೆ ಶಾಲೆಯ ತರಗತಿ.

ಮರುವಾರ ನೋಡಿದರೆ ಸಾಹೇಬರು ಬಾವಿಕಟ್ಟೆಯ ಬಳಿ, ಪರದೆಯಿಂದ ದೂರದಲ್ಲಿ, ಅಜ್ಜಿಗೆಂದೇ ಒಂದು ಮದಗುಣಕಿ ಹಚ್ಚಿದ್ದರು. ಅದರ ಕಾಯಿಗಳನ್ನು ಬಲಿಯುವ ಮೊದಲೇ ದಿನವೂ ತಾವೇ ಕಿತ್ತು ಒಲೆಗೆ ಹಾಕುತ್ತಿದ್ದರು.

ಇನ್ನು ನನ್ನ ವಿಷಯ ಒಂದು ಹೇಳಬೇಕು. ನನಗೆ ತಂಬಾಕಿನ ಚಟ ಇತ್ತು. ನಮ್ಮ ಸೀಮೆ ತಂಬಾಕಿನ ಸೀಮೆ. ಚಂಚಿ, ಅಂದರೆ ತಂಬಾಕಿನ ಚೀಲ, ಇಲ್ಲದ ಸೊಂಟ ಅಪರೂಪ. ಅಂಗೈಯಲ್ಲಿ ಎಲೆ ಇಟ್ಟು, ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ, ಎರಡು ಸಲ ತಟ್ಟಿ ಬಾಯಿಗೆ ಹಾಕಿಕೊಳ್ಳುವುದು. ಆದರೆ ಹಿರಿಯರ ಮುಂದೆ ಹಾಕಿಕೊಳ್ಳಬಾರದು. ಸಾಹೇಬರು ಎಂದೂ ತಂಬಾಕು ಮುಟ್ಟಿದವರಲ್ಲ. ಆದ್ದರಿಂದ ನಾನು ತಾಸಿಗೊಮ್ಮೆ ಏನೋ ನೆಪ ಹೇಳಿ ಬಾವಿಕಟ್ಟೆಯ ಹಿಂದೆ ಹೋಗಿ, ಗಡಿಬಿಡಿಯಲ್ಲಿ ತಿಕ್ಕಿ ಹಾಕಿಕೊಂಡು, ಕೈಯನ್ನು ಧೋತರಕ್ಕೆ ಒರೆಸಿ, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದೆ. ಗುಟ್ಟಾಗಿ ಮಾಡುವ ಕೆಲಸಕ್ಕೆ ಸಾಬೂನು ಹಚ್ಚಿ ಕೂರಲು ಆಗುತ್ತದೆಯೇ? ಅದು ಗೌರವ ಎಂದೇ ನಾನು ನಂಬಿದ್ದೆ.

ಯುದ್ಧದ ವರ್ಷಗಳವು. ಸಮುದ್ರದಾಚೆಯಿಂದ ಹಡಗಿನಲ್ಲಿ ಬರುತ್ತಿದ್ದ ಬೀಜದ ಬಟಾಟೆ ನಿಂತುಹೋಗಿತ್ತು. ರೈತರು ತಮ್ಮದೇ ಗಡ್ಡೆಗಳನ್ನು ಬೀಜಕ್ಕೆ ಇಟ್ಟುಕೊಂಡು ಹಾಕತೊಡಗಿದ್ದರು. ಒಂದು ವರ್ಷ ಹೊಲಕ್ಕೆ ಬಂದ ಪಾವಣ್ಯಾ ಗಡ್ಡೆಯೊಳಗೇ ಉಳಿದು, ಮರುವರ್ಷ ಇಡೀ ಹೊಲಕ್ಕೆ ಮನೆಯವನಾಗುತ್ತಿದ್ದ. ಇಳುವರಿ ಗೋಲಿಯಷ್ಟಾಗುತ್ತ ಬಂದಿತ್ತು. ಎಲ್ಲಿಯಾದರೂ ಒಂದು ಶುದ್ಧ ಹೊಲ ಸಿಕ್ಕರೆ ಅದರ ಬೀಜವನ್ನು ಸುತ್ತಲಿನ ಊರುಗಳಿಗೆ ಹಂಚಬಹುದು ಎಂದು ಸಾಹೇಬರು ಎರಡು ವರ್ಷ ಹುಡುಕಿದ್ದರು. ಕೊನೆಗೆ ಕಣ್ಣು ನಿಂತದ್ದು ಯಲ್ಲಪ್ಪನ ಹೊಲದ ಮೇಲೆ. ನಾಗನೂರಿನ ಪಂಚರು ಕೂಡಿ ಒಂದು ಕರಾರು ಮಾಡಿದರು. ಪರೀಕ್ಷೆಯಲ್ಲಿ ಹೊಲ ಗಟ್ಟಿಯೆಂದು ಬಂದರೆ ಊರವರೆಲ್ಲ ಅಲ್ಲಿಂದಲೇ ಬೀಜ ಒಯ್ಯುವುದು. ರೋಗ ಇದೆಯೆಂದು ಬಂದರೆ, ಎಲೆಹೇನು ಎದ್ದು ಸುತ್ತಲಿನ ಹೊಲಗಳಿಗೆ ಸಾಗಿಸುವ ಮೊದಲೇ, ಇಡೀ ಹೊಲ ಕಿತ್ತು ಸುಡುವುದು. ಯಲ್ಲಪ್ಪ ಹೆಬ್ಬೆಟ್ಟು ಒತ್ತಿದ. ಅವನಿಗೆ ಬೇರೆ ಹೊಲ ಇರಲಿಲ್ಲ.

ಅವನ ಹೊಲದ ಇಪ್ಪತ್ತು ಗಿಡಗಳಿಂದ ಎಲೆ ತಂದೆವು. ಅಂದೇ ಸಾಹೇಬರಿಗೆ ಮಲೇರಿಯಾ ಜ್ವರ ಹತ್ತಿತು. ಚಿಕಿತ್ಸೆಗೆಂದು ಗೋಕಾಕದ ತಂಗಿಯ ಮನೆಗೆ ಹೊರಟರು. ಗಾಡಿಯಲ್ಲಿ ಮಲಗಿಕೊಂಡೇ ಹೇಳಿದರು: "ಸವರೂದು ನೀನ ಮಾಡು. ಕೈ ತೊಳಕೊಂಡು ಮಾಡು. ಹನ್ನೊಂದು ದಿನಾ ತಡಿ. ಏನ ಕಂಡ್ರೂ ಮೊದ್ಲ ನನಗ ಕಾಗದಾ ಹಾಕು."

ಒಬ್ಬನೇ ಮಾಡಿದ ಮೊದಲ ಕೆಲಸ ಅದು. ಬೆಳಿಗ್ಗೆ ಸಾಬೂನು ಹಚ್ಚಿ ಕೈ ತೊಳೆದುಕೊಂಡೇ ಆರಂಭಿಸಿದೆ. ನಡುವೆ ಎಷ್ಟು ಸಲ ಬಾವಿಕಟ್ಟೆಯ ಹಿಂದೆ ಹೋಗಿಬಂದೆನೋ ಲೆಕ್ಕವಿಲ್ಲ. ಸಾಹೇಬರು ಇಲ್ಲದಿದ್ದರೂ ಹಿಂದೆಯೇ ಹೋಗುತ್ತಿದ್ದೆ, ರೂಢಿ. ಇಪ್ಪತ್ತೂ ಕುಂಡಕ್ಕೆ ರಸ ಸವರಿ, ಕೊನೆಗೆ ಶಾಸ್ತ್ರಕ್ಕೆಂಬಂತೆ ನಾಲ್ಕಕ್ಕೆ ನೀರು ಸವರಿದೆ.

ಐದನೆಯ ದಿನ ಪರದೆ ಸರಿಸಿ ನೋಡಿದರೆ, ಸವರಿದ ಎಲೆಗಳ ಮೇಲೆ ಕಿಡಿ ಸಿಡಿದಂತೆ ಕಂದು ಚುಕ್ಕೆಗಳು. ಒಂದಲ್ಲ, ಎರಡಲ್ಲ, ಇಪ್ಪತ್ತರಲ್ಲಿ ಹದಿನೇಳು. ನಾನು ಮತ್ತೊಮ್ಮೆ ಎಣಿಸಿದೆ. ಅದರಲ್ಲಿ ಮರುಕವಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಕಣ್ಣಿಗೆ ಕಾಣದ್ದನ್ನು ನಾನೇ ಕಂಡುಹಿಡಿದೆ ಎಂಬ ಹಿಗ್ಗು ಅದು. ಹಿಂದಿನ ಸಾಲನ್ನು ನಾನು ನೋಡಲಿಲ್ಲ. ನೀರಿನ ಕುಂಡದಲ್ಲಿ ನೋಡಲಿಕ್ಕೆ ಏನಿದೆ? ಹನ್ನೊಂದು ದಿನ ಕಾಯ್ದರೆ ಎಲೆಹೇನು ಏಳುತ್ತವೆ, ಊರ ಬಟಾಟೆಯೆಲ್ಲ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಾಹೇಬರಿಗೆ ಕಾಗದ ಬರೆದು ಅಂಚೆಗೆ ಹಾಕುವ ಬದಲು ಅವರ ಮೇಜಿನ ಮೇಲೆ ಇಟ್ಟೆ. ಶನಿವಾರ ಇದ್ದಿಲು ಗ್ಯಾಸಿನ ಮೋಟಾರು ಹತ್ತಿ ಮೂಡಲಗಿಗೆ ಹೋದೆ. ರವಿವಾರ ಬೆಳಿಗ್ಗೆ ನಾಗನೂರಿನ ಗೌಡರ ಕಟ್ಟೆಯ ಮೇಲೆ ಕುಳಿತು, ಹೊಲ ಕೀಳಬೇಕು ಎಂದೆ.

ಇದಾದ ಮೇಲಿನ ಅರ್ಧ ತಾಸು ನನ್ನೊಳಗೆ ಈಗಲೂ ನಡೆಯುತ್ತಲೇ ಇರುತ್ತದೆ. ಊಟಕ್ಕೆ ಕುಳಿತಾಗ ನಡೆಯುತ್ತದೆ, ಕಚೇರಿಯಲ್ಲಿ ಕಡತ ಬಿಚ್ಚಿದಾಗ ನಡೆಯುತ್ತದೆ. ಹೊಲದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಗಿಡಗಳು ಮೊಣಕಾಲೆತ್ತರ ನಿಂತು ಕಡುಹಸಿರಾಗಿದ್ದವು. ಗೌಡರು, ಇಬ್ಬರು ಪಂಚರು, ನಾನು. ಯಲ್ಲಪ್ಪ ಮೊದಲ ಸಾಲಿನ ತುದಿಯಲ್ಲಿ ನಿಂತಿದ್ದ. ಬದುವಿನ ಹುಲ್ಲು ಕೊಯ್ಯುತ್ತಿದ್ದನೇನೋ, ಕೈಯಲ್ಲಿ ಕುಡಗೋಲಿತ್ತು.

"ಒಂದು ಕಲಿ ತೋರಸ್ರಿ," ಎಂದ ನನಗೆ. "ಇಷ್ಟು ಗಿಡದಾಗ ಒಂದು ಎಲಿ ಮ್ಯಾಲೆ ಒಂದು ಕಲಿ."

"ಹೊರಗ ಕಾಣಂಗಿಲ್ಲ ಯಲ್ಲಪ್ಪ. ಒಳಗೈತಿ."

"ಒಳಗೈತಿ ಅಂತ ನಿಮಗ ಯಾರ ಹೇಳಿದ್ರು?"

ಮದಗುಣಕಿ ಹೇಳಿತು ಎಂದೆ. ಪಂಚರಲ್ಲಿ ಒಬ್ಬ ಫಕ್ಕನೆ ನಕ್ಕ. ಆ ನಗು ಯಲ್ಲಪ್ಪನಿಗೆ ಬೆಂಕಿ ತಾಗಿದಂತಾಯಿತು.

"ಹುಚ್ಚ ಹಿಡಿಸೋ ಗಿಡದ ಮಾತ ಕೇಳಿ ನನ್ನ ಹೊಲಾ ಸುಡತೀರೇನ್ರಿ?"

ಗೌಡರು, "ಮಾತ ಕೊಟ್ಟಿ ಯಲ್ಲಪ್ಪ, ಹೆಬ್ಬಟ್ಟ ಒತ್ತಿ," ಎಂದರು.

"ಒತ್ತೇನ್ರಿ. ರೋಗ ಇದ್ರ ಅಂತ ಒತ್ತೇನಿ. ಸಾಹೇಬ್ರು ಬಂದು ಹೇಳ್ಲಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಸಾಹೇಬರು ಬರಲಿ ಎಂದರೆ ಆಗುತ್ತಿತ್ತು. ನನ್ನ ಮಾತಿಗೆ ಬೆಲೆ ಇಲ್ಲವೆಂದು ನನಗೆ ಸಿಟ್ಟು ಬಂತು. ಮೊದಲ ಗಿಡ ನಾನೇ ಕಿತ್ತು ತೋರಿಸುತ್ತೇನೆಂದು ಬಾಗಿ ಬುಡಕ್ಕೆ ಕೈ ಹಾಕಿದೆ.

ಕುಡಗೋಲು ಇಳಿದದ್ದು ಕಾಣಲಿಲ್ಲ. ಸದ್ದು ಕೇಳಿತು, ಹಸಿ ಮಣ್ಣಿಗೆ ಕಬ್ಬಿಣ ಕಚ್ಚುವ ಸದ್ದು. ಅಂಗಿಯ ತೋಳಿನ ಗುಂಡಿ ಹಾರಿ ಸಾಲಿನಲ್ಲಿ ಬಿತ್ತು. ಮಣಿಕಟ್ಟಿನಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಅಲಗು ನೆಲದಲ್ಲಿ ನಿಂತಿತ್ತು. ಅವನು ಅದನ್ನು ಕಿತ್ತು ಮತ್ತೆ ಎತ್ತಿದ. ಅಲಗಿಗೆ ಮಣ್ಣು ಅಂಟಿತ್ತು, ಒಂದು ಹುಲ್ಲಿನ ಎಸಳೂ ಇತ್ತು. ಅಷ್ಟು ಸ್ಪಷ್ಟವಾಗಿ ನಾನು ಜೀವನದಲ್ಲಿ ಬೇರೆ ಯಾವುದನ್ನೂ ನೋಡಿಲ್ಲ. ಗೌಡರು ಕೂಗಿದರು, ಯಾರೂ ಹತ್ತಿರ ಬರಲಿಲ್ಲ. ನನ್ನ ಕೈ ಇನ್ನೂ ಗಿಡದ ಬುಡದಲ್ಲೇ ಇತ್ತು. ತೆಗೆಯಬೇಕೆಂದು ಹೊಳೆಯಲೇ ಇಲ್ಲ.

"ಯಲ್ಲಪ್ಪಾ, ಕೈ ತೊಳ್ಯಾಕ ಒಂಚೂರ ನೀರ ಕೊಡೋ."

ಹೊಲದ ಬದುವಿನಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು. ಕೌದಿ ಹೊದ್ದು, ಕಿವಿಗೆ ಅರಿವೆ ಸುತ್ತಿಕೊಂಡು ಸಾಹೇಬರು ಕುಳಿತಿದ್ದರು. ತೊಡೆಯ ಮೇಲೆ ಒಂದು ಮದಗುಣಕಿ ಕುಂಡ. ಜ್ವರ ಬಿಡದಿದ್ದರೂ ಹಿಂದಿನ ಸಂಜೆ ಹುಕ್ಕೇರಿಗೆ ಮರಳಿದ್ದರಂತೆ. ಮೇಜಿನ ಮೇಲಿನ ಕಾಗದ ಓದಿ, ಪರದೆಯೊಳಗೆ ಹೋಗಿ ನೋಡಿ, ಬೆಳಗಿನ ಮೊದಲ ಮೋಟಾರಿಗೆ ಮೂಡಲಗಿಗೆ ಬಂದು ಅಲ್ಲಿಂದ ಗಾಡಿ ಹಿಡಿದಿದ್ದರು.

ಅವರು ಕುಡಗೋಲನ್ನು ನೋಡಿದ್ದರು, ಆದರೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನೀರು ಕೇಳಿದರು. ಹೊಲಕ್ಕೆ ಬಂದವರು ನೀರು ಕೇಳಿದರೆ ಕೊಡುವುದು ಯಲ್ಲಪ್ಪನ ಕೈಗೆ ಹುಟ್ಟಿನಿಂದ ಬಂದ ರೂಢಿ. ಎತ್ತಿದ ಕೈ ತಾನಾಗಿ ಇಳಿಯಿತು. ಕುಡಗೋಲನ್ನು ಬದುವಿನ ಮೇಲಿಟ್ಟು ತಂಬಿಗೆ ತಂದ. ಸಾಹೇಬರು ಡಬ್ಬಿ ತೆರೆದು ಸಾಬೂನು ಹಚ್ಚಿ, ನಡುಗುವ ಕೈಗಳನ್ನು ಎಂದಿನಂತೆ ಮೊಣಕೈವರೆಗೆ ತೊಳೆದುಕೊಂಡರು.

ಆಮೇಲೆ ಕುಂಡವನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಎಲೆಯ ಮೇಲೆ ಅವೇ ಕಂದು ಚುಕ್ಕೆಗಳು.

"ಗೌಡ್ರ, ಇದಕ್ಕ ಬಟಾಟಿ ರಸಾ ಹಚ್ಚಿಲ್ಲ. ಬರೇ ನೀರು. ನಾಕೂ ನೀರಿನ ಕುಂಡಕ್ಕೂ ಹಿಂಗ ಆಗೇತಿ. ನೀರಿಗೆ ಬಟಾಟಿ ರೋಗ ಎಲ್ಲಿಂದ ಬಂತು?"

ಗೌಡರು ಬಾಗಿ ಎಲೆಯನ್ನು ನೋಡಿದರು.

"ಬಟಾಟಿ ಪಾವಣ್ಯಾ ಆಗಿದ್ರ ಹೊಸ ಚಿಗರಿನ ಮ್ಯಾಲೂ ಮಚ್ಚಿ ಮೂಡಬೇಕಿತ್ತು. ಇಲ್ಲಿ ಸವರಿದ ಎಲಿ ಅಷ್ಟ ಸುಟ್ಟೈತಿ, ಚಿಗರು ಗಟ್ಟಿ ಐತಿ. ಇಂವ ಬ್ಯಾರೆ ಮನಿಯಾಂವ. ತಂಬಾಕದಾಂವ. ತಂಬಾಕಿನ ಎಲಿ ಒಣಗಿಸಿ, ಪುಡಿ ಮಾಡಿ, ಚಂಚಿಯೊಳಗ ವರ್ಷಗಟ್ಟಲೆ ಇಟ್ರೂ ಸಾಯಂಗಿಲ್ಲ." ಹೀಗೆಂದು ನನ್ನ ಕಡೆ ತಿರುಗಿದರು. "ಕೈ ತಾ ಇಲ್ಲೆ."

ಕೊಟ್ಟೆ. ಅಂಗೈಯನ್ನು ಮೂಗಿಗೆ ಹಿಡಿದರು. ಗೌಡರ ಕಟ್ಟೆಗೆ ಹೋಗುವ ಮೊದಲೂ ಒಮ್ಮೆ ತಿಕ್ಕಿ ಹಾಕಿಕೊಂಡಿದ್ದೆ. ಅವರು ಏನೂ ಹೇಳುವ ಮೊದಲೇ ನಾನು ಸೊಂಟದಿಂದ ಚಂಚಿ ತೆಗೆದು ಅವರ ಮುಂದೆ ಇಟ್ಟೆ. ಬಾವಿಕಟ್ಟೆಯ ಹಿಂದಿನದನ್ನೆಲ್ಲ ಹೇಳಿದೆ.

ಸಾಹೇಬರು ಬಯ್ಯುತ್ತಾರೆಂದು ಕಾದೆ. ಅವರು ಪಂಚರ ಕಡೆ ನೋಡಿ, "ತಪ್ಪು ನಂದು," ಎಂದರು. "ಕೈ ತೊಳಿ ಅಂತ ಇಂವಗ ದಿನಾ ಹೇಳಿದ್ನಿ. ತಂಬಾಕಕ್ಕೂ ತೊಳೀಬೇಕು ಅಂತ ಹೇಳಿರಲಿಲ್ಲ. ನನ್ನ ಮುಂದ ಹಾಕಲಿಲ್ಲ ಅಂದಮ್ಯಾಲೆ ಹಿಂದ ಹಾಕಿರ್ತಾನ ಅನ್ನೂದು ನನಗ ಹೊಳೀಬೇಕಿತ್ತು." ಆಮೇಲೆ ಯಲ್ಲಪ್ಪನಿಗೆ, "ನಿನ್ನ ಹೊಲಾ ಗಟ್ಟಿ ಐತಿ ಅಂತ ನಾ ಹೇಳಾಕತ್ತಿಲ್ಲ. ಇಲ್ಲ ಅಂತೂ ಹೇಳಂಗಿಲ್ಲ. ನನಗ ಗೊತ್ತಿಲ್ಲ. ಮತ್ತ ಹನ್ನೊಂದು ದಿನಾ ಬೇಕು," ಎಂದರು.

ಪಂಚರು ಕೊಟ್ಟರು. ಯಲ್ಲಪ್ಪ ನನ್ನ ಹತ್ತಿರ ಬಂದು, ಸಾಲಿನಲ್ಲಿ ಬಿದ್ದಿದ್ದ ಅಂಗಿಯ ಗುಂಡಿ ಹೆಕ್ಕಿ ಅಂಗೈಗೆ ಹಾಕಿದ.

ಈ ಸಲ ಎಲೆ ಹಿಡಿದು ಅವನೇ ಹುಕ್ಕೇರಿಗೆ ಬಂದ, ಹನ್ನೊಂದು ದಿನವೂ ಅಲ್ಲೇ ಉಳಿದ. ಸಾಹೇಬರು ಹಿತ್ತಲ ಬಾಗಿಲಿಗೆ ಒಂದು ಮೊಳೆ ಹೊಡೆದರು. ಒಳಗೆ ಬರುವವರು ಚಂಚಿಯನ್ನು ಅಲ್ಲಿ ತೂಗುಹಾಕಿ, ಸಾಬೂನು ಹಚ್ಚಿ ಕೈ ತೊಳೆದೇ ಬರಬೇಕು. ಮುಚ್ಚುಮರೆ ಬೇಡ, ಹಾಕಿಕೊಳ್ಳಬೇಕೆನಿಸಿದರೆ ಹೇಳಿ ಹೋಗಿ ಹಾಕಿಕೊಂಡು ತೊಳೆದು ಬನ್ನಿ ಎಂದರು. ಯಲ್ಲಪ್ಪ ಪರದೆಯ ಹೊರಗೆ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದ. ನೀಲಮ್ಮಜ್ಜಿ ಅವನನ್ನು ಕಂಡು, "ಇಂವಾ ಯಾವ ಇಯತ್ತಾದ ಮಾಸ್ತರೋ?" ಎಂದರು. "ಇಲ್ರೆವ್ವಾ, ಪರೀಕ್ಷಾ ನಂದ ಐತಿ," ಎಂದ ಅವನು.

ಹನ್ನೊಂದನೆಯ ದಿನ ಸಾಹೇಬರು ಮೊದಲು ಹಿಂದಿನ ಸಾಲಿಗೆ ಹೋದರು. ನಾಲ್ಕೂ ನೀರಿನ ಕುಂಡಗಳು ಸ್ವಚ್ಛ. ಆಮೇಲೆ ಒಂದೊಂದಾಗಿ ಇಪ್ಪತ್ತನ್ನೂ ನೋಡಿದರು. ಹದಿನೆಂಟು ಗಟ್ಟಿ. ಎರಡರ ಚಿಗುರಿನಲ್ಲಿ ತಿಳಿ ಹಸಿರಿನ ಮಚ್ಚೆ ಮೂಡಿತ್ತು, ಕನ್ನಡಿಯಲ್ಲಿ ಯಲ್ಲಪ್ಪನಿಗೂ ತೋರಿಸಿದರು. ಅವೆರಡೂ ಗೌಡರ ಹೊಲದ ಕಡೆಯ ಬದುವಿನ ಗಿಡಗಳು. ಮುಚ್ಚಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆ ಎರಡು ಗಿಡ ಮತ್ತು ಆ ಬದುವಿಗೆ ಹತ್ತಿದ ಎರಡು ಸಾಲು ಹೋಗಬೇಕು, ಉಳಿದದ್ದು ಬೀಜಕ್ಕೆ ಎಂದರು. ಯಲ್ಲಪ್ಪ ಊರಿಗೆ ಹೋಗಿ ಅದೇ ಕುಡಗೋಲಿನಿಂದ ಬುಡ ಬಿಡಿಸಿ ತಾನೇ ಕಿತ್ತು ಸುಟ್ಟ. ಸಾಹೇಬರು ಕುಡಗೋಲಿಗೂ ಸಾಬೂನು ಹಚ್ಚಿಸಿದರು. ಮುಂದಿನ ವರ್ಷ ಅವನ ಬೀಜ ಮೂಡಲಗಿಯ ಕಡೆಗೂ ಹುಕ್ಕೇರಿಯ ಕಡೆಗೂ ಹೋಯಿತು.

ಯಲ್ಲಪ್ಪ ಸಾವಿನ ಸುದ್ದಿ ತಂದ ಮರುದಿನ ನಾವಿಬ್ಬರೂ ಹುಕ್ಕೇರಿಗೆ ಹೋದೆವು. ಆಮೇಲಿನ ವರ್ಷಗಳಲ್ಲಿ ಅಲ್ಲಿಗೆ ಬಂದು ನೆಲೆಸಿದ್ದ ಸಾಹೇಬರ ಹೆಂಡತಿ ನಮ್ಮನ್ನು ಕಂಡು ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಗಿಡಾ ಹಂಗ ಅದಾವ. ನಾ ದಿನಾ ಪರದಿ ಹೊರಗ ನಿಂತು ನೀರು ಹೊಯ್ತೇನಿ, ಮುಟ್ಟಿಲ್ಲ," ಎಂದರು. ಗೋಡೆಗೆ ಒರಗಿಸಿದ್ದ ಪಾಟಿಯ ಮೇಲೆ ಸಾಹೇಬರ ಅಕ್ಷರದಲ್ಲಿ ಬರೆದಿತ್ತು: ನಾಗನೂರು, ಯಲ್ಲಪ್ಪನ ಹೊಸ ಬೆಳೆ, ಹತ್ತು ಗಿಡ. ಕೆಳಗೆ ಸವರಿದ ದಿನ. ನಾನು ಬೆರಳು ಮಡಚಿ ಎಣಿಸಿದೆ. ಹನ್ನೊಂದನೆಯ ದಿನ ಅಂದೇ ಆಗಿತ್ತು.

ಯಲ್ಲಪ್ಪ ಯಾರೂ ಹೇಳದೆಯೇ ಸೊಂಟದ ಚಂಚಿ ಬಿಚ್ಚಿ ಮೊಳೆಗೆ ಹಾಕಿದ. ಬಾವಿಕಟ್ಟೆಯಲ್ಲಿ ಸಾಬೂನು ಹಚ್ಚಿ ತೊಳೆದುಕೊಂಡು, ನೊರೆ ಹತ್ತಿದ ಸಾಬೂನಿನ ತುಂಡನ್ನು ನನ್ನತ್ತ ಚಾಚಿ ನೆಟ್ಟ ಕಣ್ಣಿನಿಂದ ನೋಡಿದ.

"ನಿಮ್ದೆಲ್ಲೈತ್ರಿ?"

"ಬಿಟ್ಟು ಬಾಳ ದಿನಾ ಆತು."

"ಹಂಗಂತ ಆವಾಗೂ ಅಂತಿದ್ರಿ."

ಇಬ್ಬರಿಗೂ ನಗು ಬಂತು, ಆ ಮನೆಯಲ್ಲಿ ಆ ಹೊತ್ತಿಗೆ ಬರಬಾರದ ನಗು. ನಾನು ಕೈ ತೊಳೆದೆ. ಪರದೆ ಸರಿಸಿದೆ. ಮುಂದಿನ ಸಾಲಿನಲ್ಲಿ ಅವನ ಹತ್ತು ಗಿಡಗಳ ಉತ್ತರ ಕಾದಿತ್ತು. ಕಣ್ಣು ಅತ್ತಲೇ ಎಳೆಯುತ್ತಿತ್ತು.

"ಮೊದ್ಲ ನೀರಿನ ಕುಂಡಾ ನೋಡ್ರಿ," ಎಂದ ಯಲ್ಲಪ್ಪ ಹಿಂದಿನಿಂದ.

ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಸೊಂಟದಿಂದ ಬಾಗಿ, ಹಿಂದಿನ ಸಾಲನ್ನು ನೋಡಿದೆ. ಸವರಿದ ಎಲೆಗಳನ್ನು ನೋಡಿದೆ, ಚಿಗುರನ್ನು ನೋಡಿದೆ. ನಾಲ್ಕೂ ಸ್ವಚ್ಛವಾಗಿದ್ದವು. ಅವರ ಕೈ ಕೊನೆಯವರೆಗೂ ಸ್ವಚ್ಛವಾಗಿತ್ತು. ಆಮೇಲೆ ನಾವಿಬ್ಬರೂ ಮುಂದಿನ ಸಾಲಿಗೆ ಹೋದೆವು, ಯಲ್ಲಪ್ಪ ನನ್ನ ಪಕ್ಕದಲ್ಲಿ ಬಾಗಿದ. ಅವನ ಕೈಗಳೂ ಬೆನ್ನ ಹಿಂದೆ ಇದ್ದವು.